ಒಂದೇ ಸಾಲಿನಲ್ಲಿ ಹೋದ ಅಜ್ಜಿ

ನಮ್ಮ ಕಟ್ಟಡಕ್ಕೂ ಪಕ್ಕದ ಕಟ್ಟಡಕ್ಕೂ ನಡುವೆ ಎದೆಮಟ್ಟದ ಕಂಪೌಂಡ್ ಗೋಡೆ. ಡೊಂಬಿವಲಿಯಲ್ಲಿ ಹಳೇ ಮನೆ ಕೆಡವಿ ಟವರ್ ಎಬ್ಬಿಸುವ ಈ ಕಾಲದಲ್ಲಿ ಇಂಥ ಗೋಡೆ ಉಳಿದಿರುವುದೇ ದೊಡ್ಡದು. ಭಾನುವಾರ ಬೆಳಿಗ್ಗೆ ಅದರಾಚೆ ವಿಜಯಪುರದ ಕಡೆಯ ಅಕ್ಕ ಮೆಂತ್ಯಸೊಪ್ಪು ಬಿಡಿಸುತ್ತಾರೆ, ಈಚೆ ನಾನು ಬಟ್ಟೆ ಒಣಹಾಕುತ್ತೇನೆ. ಅವರ ಕನ್ನಡ, ನನ್ನ ಕುಂದಾಪುರದ ಕನ್ನಡ, ಇಬ್ಬರಿಗೂ ಮಾತು ಸಿಗದಾಗ ಮರಾಠಿ.

"ಏನ ತಂಗಿ, ಇವತ್ತ ನಿಮ್ಮ ಮಂದಿ ಬರಲಿಲ್ಲ?"

"ರೈಲಿನ ಮೆಗಾಬ್ಲಾಕ್ ಅಲ್ದಾ ಅಕ್ಕಾ, ಲೋಕಲ್ ಕಡಿಮೆ. ನೆರೂಳಿನವರು ಠಾಣೆಗೆ ಬಂದು ಗಾಡಿ ಬದಲಿಸಬೇಕು. ಬರುವ ವಾರ ಅಂದ್ರು."

ನಮ್ಮ ಮಂದಿ ಅಂದರೆ ನಾಲ್ವರು. ಠಾಣೆ, ನೆರೂಳ್, ಕಲ್ಯಾಣ, ಡೊಂಬಿವಲಿಗೆ ಒಬ್ಬೊಬ್ಬರು. ಸೇರಿ ಒಂದು ಕಾದಂಬರಿ ಬರೆಯುತ್ತಿದ್ದೇವೆ. ಅಕ್ಕನಿಗೆ ಇದು ಇನ್ನೂ ಬಗೆಹರಿಯದ ವಿಷಯ. "ಒಂದ ಒಲಿ ಮುಂದ ನಾಕ ಮಂದಿ ನಿಂತರ ಅಡಗಿ ಆಗ್ತದೇನು?"

ಕಾದಂಬರಿ ಎಂಬ ಹೆಸರೇ ಇಬ್ಬರು ಬರೆದ ಪುಸ್ತಕದ್ದು, ಅಂದೆ. ಬಾಣಭಟ್ಟ ಅರ್ಧಕ್ಕೆ ಬಿಟ್ಟು ತೀರಿಕೊಂಡ, ಉಳಿದದ್ದನ್ನು ಮಗ ಬರೆದು ಮುಗಿಸಿದ. ನಾವೂ ಮರಾಠಿಯವರೂ ಆ ಪುಸ್ತಕದ ಹೆಸರನ್ನೇ ಈ ಬಗೆಯ ಬರಹಕ್ಕೆಲ್ಲ ಇಟ್ಟುಕೊಂಡೆವು. ಬಂಗಾಳದಲ್ಲಿ ಹನ್ನೆರಡು ಜನ ಸೇರಿ ಒಂದು ಕಾದಂಬರಿ ಬರೆದು ಅದಕ್ಕೆ 'ಬಾರೋಯಾರಿ' ಎಂದೇ ಹೆಸರಿಟ್ಟರು. ಊರವರೆಲ್ಲ ವಂತಿಗೆ ಹಾಕಿ ಮಾಡುವ ಪೂಜೆಗೆ ಅಲ್ಲಿ ಇರುವ ಮಾತು ಅದು. ಮೂಲದಲ್ಲಿ ಹನ್ನೆರಡು ಗೆಳೆಯರು ಎಂದರ್ಥ. ಅಕ್ಕ ಅವರ ಸೊಸೈಟಿಯ ಗಣಪತಿಗೆ ಪ್ರತಿ ವರ್ಷ ವರ್ಗಣಿ ಎತ್ತುವವರು. "ಹಂಗಂದ್ರ ತಿಳೀತು ನೋಡು," ಅಂದರು.

ನಮ್ಮ ಧಾರವಾಡವೂ ಹಿಂದೆ ಬಿದ್ದಿಲ್ಲ. ಜಿ. ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆಯಿಂದ ಹಲವರು ಸೇರಿ ಬರೆದ ಕಾದಂಬರಿಯೊಂದು ಬಂತು. ಅದರ ಹೆಸರು 'ಖೋ'. ಇದಕ್ಕಿಂತ ಒಪ್ಪುವ ಹೆಸರು ನನಗೆ ಹೊಳೆಯುವುದಿಲ್ಲ. ಖೋ ಖೋದಲ್ಲಿ ಸಾಲಾಗಿ ಕೂತವರು ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿರುತ್ತಾರೆ. ಬೆನ್ನಿಗೆ ಏಟು ಬಿದ್ದ ಕೂಡಲೇ ಏಳಬೇಕು. ಎದ್ದು ಒಂದು ದಿಕ್ಕು ಹಿಡಿದ ಮೇಲೆ ಹಿಂದೆ ತಿರುಗುವ ಹಾಗಿಲ್ಲ. ಶಾಲೆಯಲ್ಲಿ ನಾನು ಎಷ್ಟು ಸಲ ತಿರುಗಿ ಫೌಲ್ ಆಗಿದ್ದೇನೋ!

ಈಗಲೂ ನನಗೆ ಕಷ್ಟವಾಗಿರುವುದು ಆ ನಿಯಮವೇ. ನಾನು ಬರೆದ ಎರಡನೆಯ ಅಧ್ಯಾಯದಲ್ಲಿ ಒಬ್ಬ ಅಜ್ಜಿ ಇದ್ದಳು. ಗದ್ದೆಯಂಚಿನ ಮನೆ, ಅಕ್ಕಿಮುಡಿ, ಅವಳ ಎಲೆಯಡಿಕೆ ಚೀಲ, ಎಲ್ಲವನ್ನೂ ತಿಂಗಳುಗಟ್ಟಲೆ ಕೂತು ಕಟ್ಟಿದ್ದೆ. ಮೂರನೆಯದನ್ನು ಬರೆದ ಕಲ್ಯಾಣದ ಗೆಳೆಯ ಒಂದೇ ಸಾಲಿನಲ್ಲಿ ಅವಳನ್ನು ಸಾಯಿಸಿಬಿಟ್ಟ. ಅವನ ನಾಯಕ, ಅಜ್ಜಿಯ ಮೊಮ್ಮಗ, ಆಫೀಸಿಗೆ ಹೊರಟಿದ್ದಾನೆ, ಫೋನ್ ಬರುತ್ತದೆ, ಅಜ್ಜಿ ಹೋದಳು. ಮುಂದಿನ ಸಾಲಿಗೆ ಲೋಕಲ್ ಬಂದು ನಿಲ್ಲುತ್ತದೆ. ಓದಿ ಎರಡು ದಿನ ನನಗೆ ಊಟ ಸೇರಲಿಲ್ಲ.

ಹೀಗೆ ಸೇರಿ ಬರೆದ ಬೇರೆಯವರು ಏನು ಮಾಡಿದ್ದರೆಂದು ನೋಡಿದೆ. 1931ರಲ್ಲಿ ಅಗಾಥಾ ಕ್ರಿಸ್ಟಿ, ಡೊರೊತಿ ಸೇಯರ್ಸ್ ಮೊದಲಾದವರಿದ್ದ ಲಂಡನ್ನಿನ ಡಿಟೆಕ್ಷನ್ ಕ್ಲಬ್ಬಿನವರು 'ದಿ ಫ್ಲೋಟಿಂಗ್ ಅಡ್ಮಿರಲ್' ಎಂಬ ಕೊಲೆಯ ಕಥೆಯನ್ನು ಅಧ್ಯಾಯಕ್ಕೊಬ್ಬರಂತೆ ಬರೆದರು. ಅವರ ಕಟ್ಟು ಬಿಗಿ. ಹಿಂದಿನವರು ಬಿಟ್ಟ ತೊಡಕನ್ನೆಲ್ಲ ಹೊತ್ತುಕೊಂಡೇ ಮುಂದೆ ಹೋಗಬೇಕು. ಕೊಲೆಗಾರ ಯಾರೆಂದು ತನ್ನ ಮನಸ್ಸಿನಲ್ಲಿರುವುದನ್ನು ಬರೆದು ಕೊಟ್ಟಿರಬೇಕು. ಕೊನೆಯ ಅಧ್ಯಾಯ ಆಂತೊನಿ ಬರ್ಕ್ಲಿಯ ಪಾಲಿಗೆ ಬಂತು. ಎಲ್ಲರ ಗೋಜಲನ್ನು ಬಾಚಿ ಹಸನು ಮಾಡುವುದು ಎಂಬರ್ಥದ ಹೆಸರು ಅದಕ್ಕೆ. ಓದಿದಾಗ ಬುದ್ಧಿಗೆ ಖುಷಿಯಾಯಿತು, ಆದರೆ ಅದರಲ್ಲಿ ಯಾರು ಸತ್ತರೂ ನನ್ನ ಕಣ್ಣು ಒದ್ದೆಯಾಗಲಿಲ್ಲ.

ನನಗೆ ಹತ್ತಿರವಾದದ್ದು ಹಿಂದಿಯ 'ಏಕ್ ಇಂಚ್ ಮುಸ್ಕಾನ್'. ರಾಜೇಂದ್ರ ಯಾದವ್, ಮನ್ನೂ ಭಂಡಾರಿ ಗಂಡ ಹೆಂಡತಿ. ಒಂದು ಅಧ್ಯಾಯ ಇವರದು, ಮುಂದಿನದು ಅವರದು. ನಾಯಕನ ಕಡೆಯದನ್ನು ಯಾದವ್ ಬರೆದರೆ ಹೆಂಗಸರ ಕಡೆಯದನ್ನು ಭಂಡಾರಿ ಬರೆದರು. ಪುಟ ಹಂಚಿಕೊಂಡದ್ದಲ್ಲ, ಮನುಷ್ಯರನ್ನು ಹಂಚಿಕೊಂಡದ್ದು. ನಮಗೂ ಇದೇ ಸರಿ ಎಂದು ನಾನು ಹಟ ಹಿಡಿದಿದ್ದೇನೆ. ಈ ಮುಂಬಯಿ ಕಡೆಯ ಕನ್ನಡಿಗರ ಕಾದಂಬರಿಯನ್ನು ಒಂದೇ ಕನ್ನಡದಲ್ಲಿ ಬರೆದರೆ ಅದು ಸುಳ್ಳಾಗುತ್ತದೆ. ಒಂದು ಮಹಡಿಯಲ್ಲಿ ತುಳು ಮನೆಮಾತಿನವರು, ಮೇಲೆ ಕಾರವಾರದವರು, ಕೆಳಗೆ ಅಕ್ಕಲಕೋಟೆಯವರು. ಯಶವಂತ ಚಿತ್ತಾಲರು, ವ್ಯಾಸರಾಯ ಬಲ್ಲಾಳರು ಮುಂಬಯಿಯನ್ನು ಒಬ್ಬೊಬ್ಬರೇ ಹೊತ್ತರು. ಆ ಶಕ್ತಿ ನಮಗಿಲ್ಲ. ಆದರೆ ನಾಲ್ಕು ಬಾಯಿ ಇವೆ. ಅವನ್ನು ಒಂದೇ ಹದಕ್ಕೆ ತಿದ್ದಿ ತೀಡುವುದು ಬೇಡ ಎಂದೇ ನನ್ನ ವಾದ.

ಇಷ್ಟು ಹೇಳಿ, ಅಜ್ಜಿಯ ಸಂಗತಿಯನ್ನೂ ಅಕ್ಕನ ಮುಂದಿಟ್ಟೆ. "ಬರುವ ಭಾನುವಾರ ಅವಳನ್ನು ಬದುಕಿಸ್ತೇನೆ ಅಕ್ಕಾ. ತಪ್ಪು ಸುದ್ದಿ ಬಂದದ್ದು ಅಂತ ಬರೀತೇನೆ."

ಸೊಪ್ಪು ಬಿಡಿಸುವ ಕೈ ನಿಂತಿತು.

"ನಮ್ಮವ್ವ ಹೋದಾಗ ನನಗ ತಾರ ಬಂತು. ಇಂಗ್ಲಿಷಿನ್ಯಾಗ ಮೂರ ನಾಕ ಶಬ್ದ. ನನಗ ಓದಾಕ ಬರತಿರಲಿಲ್ಲ, ತಂದಂವನ ಕಡಿಂದನ ಓದಿಸಿದೆ. ಶಬ್ದಕ್ಕ ಇಷ್ಟ ರೊಕ್ಕ ಅಂತ ಇದ್ದ ಕಾಲ, ಯಾರ ಉದ್ದ ಬರೀತಾರ? ಕಲ್ಯಾಣದಾಗ ಗಾಡಿ ಹತ್ತಿದೆ. ಸೊಲ್ಲಾಪುರಕ್ಕ ಇಳದು ಸಣ್ಣ ಗಾಡಿ ಹಿಡದು ಮುಟ್ಟೂದ್ರಾಗ ಎಲ್ಲಾ ಮುಗದಿತ್ತು. ದೂರ ಬಂದವರಿಗೆ ಸಾವು ಒಂದ ಸಾಲಿನ್ಯಾಗ ಬರತದ, ತಂಗಿ. ನಿಮ್ಮ ಗೆಳ್ಯಾ ತಪ್ಪ ಬರದಿಲ್ಲ."

ಒದ್ದೆ ಟವೆಲ್ ಕೈಯಲ್ಲೇ ಇತ್ತು. ಆ ಸಾಲನ್ನು ನಾನು ಅಷ್ಟು ಸಲ ಓದಿದ್ದೆ, ಓದಿದಾಗೆಲ್ಲ ಅಜ್ಜಿಯ ಅಂಗಳದಲ್ಲೇ ನಿಂತಿದ್ದೆ. ಗೆಳೆಯ ಅದನ್ನು ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ನಿಂತು ಬರೆದಿದ್ದ. ಅಜ್ಜಿ ಸತ್ತದ್ದಾಯಿತು. ನನಗೆ ಖೋ ಸಿಕ್ಕಿದ್ದು ಅಲ್ಲಿಂದ ಮುಂದಕ್ಕೆ, ಆ ಮೊಮ್ಮಗ ಊರು ಮುಟ್ಟುವವರೆಗಿನ ದಾರಿಗೆ.

ಟವೆಲನ್ನು ತಂತಿಗೆ ಹಾಕಿ ಗೋಡೆಗೆ ಒರಗಿದೆ.

"ಅಕ್ಕಾ, ಆ ರಾತ್ರಿ ಗಾಡಿಯಲ್ಲಿ ನಿಮ್ಮ ಪಕ್ಕ ಯಾರು ಕೂತಿದ್ರು?"

"ಒಬ್ಬಾಕಿ ಮುದುಕಿ ಇದ್ದಳು," ಅಂದರು ಅಕ್ಕ, ಸೊಪ್ಪಿನ ಬುಟ್ಟಿಯನ್ನು ಗೋಡೆಯ ಮೇಲಿಟ್ಟು. "ಮರಾಠಿ ಮಾತಾಡತಿದ್ದಳು. ಏನೂ ಕೇಳಲಿಲ್ಲ. ಗಂಟ ಬಿಚ್ಚಿ ಭಾಕ್ರಿ ತಗದು ನನ್ನ ಕೈಯಾಗ ಇಟ್ಟಳು…"