ರಾಕ್ಷಸಿಯ ಮೂಗು

ಮಕ್ಕಳ ಪುಸ್ತಕಕ್ಕೆ ಚಿತ್ರ ಬರೀತೀನಿ ಅಂದರೆ ಜನ ತಪ್ಪದೆ ಕೇಳುವುದು, "ಅದು ಸರಿ, ಹೊಟ್ಟೆಪಾಡಿಗೆ ಏನ್ಮಾಡ್ತೀರಿ?" ನಮ್ಮ ಮಾವನವರು ಹೆಣ್ಣು ಕೊಡುವ ಮೊದಲು ಕೇಳಿದ ಇದೇ ಪ್ರಶ್ನೆಯನ್ನು ಇನ್ನೂ ವಾಪಸು ಪಡೆದಿಲ್ಲ. ನೆಂಟರ ಮುಂದೆ "ಅಳಿಯಂದಿರು ಪ್ರಿಂಟಿಂಗ್ ಲೈನಲ್ಲಿದ್ದಾರೆ" ಎಂದು ಹೇಳಿ, ಮಳೆ-ಬೆಳೆಯ ಕಡೆ ಮಾತು ಹೊರಳಿಸುತ್ತಾರೆ.

ಆಫೀಸು ಎಂದರೆ ಊಟದ ಮೇಜು. ತಿಂಡಿ ತಟ್ಟೆ ಎತ್ತಿದ ಮೇಲೆ ಅಲ್ಲಿ ಕಾಡು ಬೆಳೆಯುತ್ತದೆ. ಮಧ್ಯಾಹ್ನ ಸಾರಿನ ಪಾತ್ರೆ ಬಂತೆಂದರೆ ಆನೆ-ಕರಡಿಗಳೆಲ್ಲ ಮಂಚದ ಮೇಲೆ. ಮಾಡೆಲ್‌ಗಳಿಗೆ ಕೊಡುವಷ್ಟು ದುಡ್ಡು ಈ ಕಸುಬಿನಲ್ಲಿಲ್ಲ, ಆದ್ದರಿಂದ ಮನೆಮಂದಿಗೇ ಪಾತ್ರ ಹಂಚುತ್ತೇನೆ. ವಿಕ್ರಮ-ಬೇತಾಳದ ಕತೆ ಬಂದಾಗ, ಹೆಣ ಹೊತ್ತವನ ಬೆನ್ನು ಎಷ್ಟು ಬಾಗುತ್ತದೆಂದು ನೋಡಲು ಭಾವಮೈದುನನನ್ನು ಹೆಗಲಿಗೇರಿಸಿ ಕನ್ನಡಿ ಮುಂದೆ ನಿಂತೆ. ಕಿಟಕಿ ತೆರೆದಿತ್ತು. ಎದುರುಮನೆಯವರು ಆಂಬುಲೆನ್ಸಿಗೆ ಫೋನ್ ಮಾಡಿ ಪುಣ್ಯ ಕಟ್ಟಿಕೊಂಡರು.

ಅದೇ ದೃಶ್ಯವನ್ನು ಮಕ್ಕಳ ಪತ್ರಿಕೆ 'ಚಂದಮಾಮ'ಕ್ಕೆ ಕಲಾವಿದ ಶಂಕರ್ ಬರೆದದ್ದನ್ನು ನೋಡಬೇಕು. ಹೆಗಲಲ್ಲಿ ಶವ, ಕೈಯಲ್ಲಿ ಕತ್ತಿ, ರಾಜನ ಠೀವಿ ಮಾತ್ರ ಒಂದಿಷ್ಟೂ ಮಾಸಿಲ್ಲ. 1952ರಲ್ಲಿ ಪತ್ರಿಕೆ ಸೇರಿದವರು ಸುಮಾರು 60 ವರ್ಷ ಅದಕ್ಕೆ ಬರೆದರು. ಪದ್ಮಶ್ರೀ ಬಂದದ್ದು 2021ರಲ್ಲಿ, ತೀರಿಕೊಂಡ ಮರುವರ್ಷ. ಇದನ್ನು ಹೆಂಡತಿಗೆ ಹೇಳಿದೆ. "ಹಾಗಾದ್ರೆ ನಿಮಗಿನ್ನೂ ಟೈಮಿದೆ ಬಿಡಿ" ಅಂದಳು.

ಸೂಕ್ಷ್ಮ ವಿಷಯವೆಂದರೆ ಅತ್ತೆಯವರದು. ಒಂದು ರಾಕ್ಷಸಿಗೆ ಎಷ್ಟು ತಿದ್ದಿದರೂ ಮೂಗು ಕೂಡಿಬರಲಿಲ್ಲ. ಅಷ್ಟರಲ್ಲಿ ಅತ್ತೆ ಕಾಫಿ ತಂದಿಟ್ಟು ಪಕ್ಕಕ್ಕೆ ತಿರುಗಿದರು. ಕೂಡಿಬಂತು! ಇಂಥಲ್ಲೇ ಕಸುಬಿನ ವಿದ್ಯೆ ಕೈಹಿಡಿಯುವುದು. ಚಿತ್ರಪುಸ್ತಕಕ್ಕೆ ವಾಡಿಕೆಯಂತೆ 32 ಪುಟ. ದೊಡ್ಡ ಹಾಳೆ ಮಡಚಿದರೆ 16ರ ಲೆಕ್ಕದಲ್ಲಿ ಪುಟ ಬೀಳುತ್ತದೆ. ಎದುರುಬದುರು ಪುಟಗಳ ನಡುವಿನ ಮಡಿಕೆ ಚಿತ್ರವನ್ನು ಒಂದಿಷ್ಟು ನುಂಗುವುದರಿಂದ ಅಲ್ಲಿ ಯಾರ ಮುಖವನ್ನೂ ಬರೆಯಬಾರದೆಂಬುದು ನಮ್ಮವರ ಮೊದಲ ಪಾಠ. ನಾನು ಬೇಕೆಂದೇ 14–15ನೇ ಪುಟದ ಮಡಿಕೆಗೆ ಸರಿಯಾಗಿ ಮೂಗು ಕೂರಿಸಿದೆ.

ಕೊನೆ ಗಳಿಗೆಯಲ್ಲಿ ಪ್ರಕಾಶಕರಿಗೆ ಮುನ್ನುಡಿ ಬೇಕೆನಿಸಿತು. ಮುಂದೆ ಎರಡು ಪುಟ ಸೇರಿದವು, 32ರ ಲೆಕ್ಕ ತಪ್ಪದಂತೆ ಹಿಂದೆ ಎರಡು ಹೋದವು, ರಾಕ್ಷಸಿ 16–17ಕ್ಕೆ ಸರಿದಳು. ಪಿನ್ ಹೊಡೆದ ಪುಸ್ತಕದಲ್ಲಿ ಅದು ನಟ್ಟನಡು; ಎರಡೂ ಪುಟ ಒಂದೇ ಹಾಳೆ, ಅಂಗಾತ ಬಿಚ್ಚಿಕೊಳ್ಳುತ್ತದೆ. ಮೂಗು ಒಂದು ಗೆರೆಯೂ ತಪ್ಪದೆ ಇಡಿಯಾಗಿ ಬಂದಿತ್ತು, ಮೇಲೆ ಮೂಗುಬೊಟ್ಟಿನ ಹಾಗೆ ಮಿರುಗುವ ಪಿನ್ ಬೇರೆ.

ಪುಸ್ತಕವನ್ನು ಅಟ್ಟದ ಮೇಲೆ ಇಟ್ಟಿದ್ದೆ. ಅತ್ತೆಗೆ ಅದನ್ನು ತೋರಿಸಿದ್ದು ನನ್ನ ಮಗ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ, "ಅಳಿಯಂದಿರೇ, ಥೇಟ್ ನಮ್ಮ ನಾದಿನಿ! ಇನ್ನೊಂದು ನಾಲ್ಕು ಕಾಪಿ ಸಿಗುತ್ತಾ?" ನನ್ನ ಕಸುಬಿನ ಬಗ್ಗೆ ಆ ಮನೆಯಿಂದ ಬಂದ ಮೊದಲ ಮೆಚ್ಚುಗೆ ಅದು. ನಾಲ್ಕೂ ನೆಂಟರಿಗೆ ಹಂಚಿಹೋದವು.

ಕತೆಗಾರರ ಹೆಸರು ಮುಖಪುಟದ ಮೇಲೆ ದಪ್ಪಕ್ಷರದಲ್ಲಿದೆ. ನನ್ನದು ಒಳಗೆ, ಬೆಲೆಯ ಕೆಳಗೆ, ಬೆಲೆಗಿಂತ ಸಣ್ಣಗೆ. ಓದುಗರಲ್ಲಿ ಒಂದು ಬಿನ್ನಹ: ಮಗುವಿಗೆ ಕತೆ ಓದುವಾಗ ಚಿತ್ರ ಬರೆದವರ ಹೆಸರನ್ನೂ ಓದಿ ಹೇಳಿ. ಅತ್ತೆಯ ನಾದಿನಿಗೆ ಮಾತ್ರ ಹೇಳಬೇಡಿ.