ಶ್ವಾನಾಂಗಣ ತೃಣ ಮೀಮಾಂಸೆ

ನಾಯಿ ಸಾಕಿದವರ ಹಿತ್ತಲಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿದರೆ ನಾಯಿ ಬದಲಾಗುವುದಿಲ್ಲ, ಬದಲಾಗುವವನು ಯಜಮಾನ. ಹುಲ್ಲು ಮಾಡಿಕೊಂಡಿದ್ದ ಕೆಲಸಗಳೆಲ್ಲ ಒಂದೊಂದಾಗಿ ಅವನ ಹೆಗಲೇರಿ, ಕೊನೆಗೆ ಆ ಅಂಗಳದ ಅಸಲಿ ಹುಲ್ಲು ಅವನೇ ಆಗುತ್ತಾನೆ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟೆ. ಪರೀಕ್ಷೆಗೆ ಅಮೆರಿಕದ ಅರಿಜೋನಾ, ನೆವಾಡಾ ಮುಂತಾದ ಮರುಭೂಮಿ ಸೀಮೆಗಳನ್ನು ಆರಿಸಿಕೊಂಡಿದೆ. ಮಳೆಯಿಲ್ಲದ ಊರಿನಲ್ಲಿ ಹಸಿರು ಅಂಗಳವೂ ಬೇಕು, ಲ್ಯಾಬ್ರಡಾರೂ ಬೇಕು ಎನ್ನುವ ಗೃಹಸ್ಥರು ಅಲ್ಲಿ ಹೇರಳ. ಶಾಸ್ತ್ರಕ್ಕೆ ಇದಕ್ಕಿಂತ ಫಲವತ್ತಾದ ನೆಲ ಸಿಗದು.

ಮೊದಲು ಉತ್ಪತ್ತಿ ಪ್ರಕರಣ. 1965ರಲ್ಲಿ ಹ್ಯೂಸ್ಟನ್ನಿನಲ್ಲಿ ಆಸ್ಟ್ರೋಡೋಮ್ ಎಂಬ ಚಾವಣಿ ಹೊದ್ದ ಕ್ರೀಡಾಂಗಣ ತೆರೆಯಿತು. ಪಾರದರ್ಶಕ ಚಾವಣಿಯಿಂದ ಬಿಸಿಲು ಕಣ್ಣು ಕುಕ್ಕಿ ಬೇಸ್‌ಬಾಲ್ ಆಟಗಾರರಿಗೆ ಚೆಂಡೇ ಕಾಣಲಿಲ್ಲ. ಚಾವಣಿಗೆ ಬಣ್ಣ ಬಳಿದರು, ಬೆಳಕಿಲ್ಲದೆ ಹುಲ್ಲು ಸತ್ತಿತು, ಸತ್ತ ಹುಲ್ಲಿಗೂ ಹಸಿರು ಬಣ್ಣ ಬಳಿದರು. ಮರುವರ್ಷ ಮೊನ್ಸ್ಯಾಂಟೊ ಕಂಪನಿಯ ನೈಲಾನ್ ಹುಲ್ಲು ಅಲ್ಲಿ ಹಾಸಿಕೊಂಡು ಆಸ್ಟ್ರೋಟರ್ಫ್ ಎಂದು ಹೆಸರಾಯಿತು. ನೋಡುವವರ ಕಣ್ಣಿಗಾಗಿ ಬಂದ ವಸ್ತು ಇದು. ಮೂಗನ್ನೇ ನಂಬಿ ಬದುಕುವ ಪ್ರಾಣಿಯ ಪಾಲಿಗೆ ಬಿದ್ದದ್ದು ಆಮೇಲೆ.

ಆ ಪ್ರಾಣಿಗೆ ಹಸಿರು ಕಾಣುವುದಾದರೂ ಉಂಟೆ? ನಾಯಿಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆಯವು ಎಂದು 1989ರಲ್ಲಿ ಕ್ಯಾಲಿಫೋರ್ನಿಯಾದ ಪ್ರಯೋಗಗಳು ತೋರಿಸಿದವು. ಯಜಮಾನ ಹಣ ಸುರಿದು ತಂದ ಹಸಿರು ಅದಕ್ಕೆ ಮಾಸಲು ಹಳದಿ. ಹಸಿರು ಇರುವುದು ಯಜಮಾನನ ಕಣ್ಣಿಗೇ ಎಂಬುದಕ್ಕೆ ಹಾಸುವ ಕೆಲಸದವರ ವಾಡಿಕೆಯೂ ಸಾಕ್ಷಿ ನುಡಿಯುತ್ತದೆ. ಈ ಹುಲ್ಲಿನ ಎಳೆಗಳೆಲ್ಲ ಒಂದೇ ಕಡೆಗೆ ವಾಲಿರುತ್ತವೆ; ಅವು ಮನೆಯತ್ತ ವಾಲುವಂತೆ ಸುರುಳಿ ಬಿಡಿಸುತ್ತಾರೆ, ಕಿಟಕಿಯಿಂದ ದಟ್ಟವಾಗಿ ಕಾಣಲಿ ಎಂದು. ನಾಯಿಯ ದಿಕ್ಕೇ ಬೇರೆ. ಜೆಕ್ ಮತ್ತು ಜರ್ಮನ್ ಸಂಶೋಧಕರು 37 ತಳಿಗಳ 70 ನಾಯಿಗಳ ಬೆನ್ನು ಹತ್ತಿ, 1,893 ಮಲವಿಸರ್ಜನೆಗಳ ಲೆಕ್ಕವಿಟ್ಟು, ಭೂಮಿಯ ಕಾಂತಕ್ಷೇತ್ರ ಶಾಂತವಾಗಿದ್ದಾಗ ನಾಯಿ ಉತ್ತರ-ದಕ್ಷಿಣವಾಗಿ ಕೂರಬಯಸುತ್ತದೆ ಎಂದು 2013ರಲ್ಲಿ ಪ್ರಕಟಿಸಿದರು. ಮರುವರ್ಷ ಇಗ್ ನೊಬೆಲ್ ಎಂಬ ಅಣಕು ಪ್ರಶಸ್ತಿ ಪಡೆದರು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವೂ ದ್ವಿಜರಿಗೆ ಹಗಲು ಉತ್ತರ, ರಾತ್ರಿ ದಕ್ಷಿಣ ಎಂದೇ ವಿಧಿಸುತ್ತದೆ, ನೆಲವನ್ನು ಎಲೆ, ಹುಲ್ಲು ಮುಂತಾದವುಗಳಿಂದ ಮುಚ್ಚಿರಬೇಕು ಎಂದೂ ಹೇಳುತ್ತದೆ. (ಹುಲ್ಲು ನೈಲಾನಿನದಾದರೆ ದೋಷವುಂಟೋ ಇಲ್ಲವೋ, ತಿಳಿದವರು ನಿರ್ಣಯಿಸಬೇಕು.) ನಾಯಿ ಧ್ರುವದ ಕಡೆ, ಹುಲ್ಲು ಕಿಟಕಿಯ ಕಡೆ. ಹಾಸಿದ್ದು ನಾಯಿಗಾಗಿ ಎಂಬ ಮಾತು ಇಲ್ಲಿಗೇ ಬಿದ್ದುಹೋಯಿತು.

ಹುಲ್ಲು ಏನು ಮಾಡುತ್ತಿತ್ತು ಎಂದು ಅದು ಇದ್ದಾಗ ಯಾರೂ ಕೇಳಲಿಲ್ಲ. ನಾಯಿಯ ಉಚ್ಚೆಯಲ್ಲಿ ಯೂರಿಯಾ ಇದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಒಡೆದು ಬೇರಿಗೆ ಉಣಿಸುತ್ತವೆ. ಹೆಚ್ಚಾದಲ್ಲಿ ಹುಲ್ಲು ತಟ್ಟೆಯಗಲ ಸುಟ್ಟುಹೋಗುತ್ತದೆ, ಅಂಚಿನಲ್ಲಿರುವುದು ಅದೇ ಗೊಬ್ಬರ ಉಂಡು ಕಡುಹಸಿರಾಗುತ್ತದೆ. ಪ್ಲಾಸ್ಟಿಕ್ ಉಣ್ಣುವುದಿಲ್ಲ. ಯೂರಿಯಾ ಅಮೋನಿಯಾ ಆಗುವುದು ಮಾತ್ರ ತಪ್ಪುವುದಿಲ್ಲ. ಎಳೆಗಳ ಬುಡದಲ್ಲಿ ಒಣಹುಲ್ಲಿನಂತೆ ಕಾಣಲೆಂದು ಸೇರಿಸಿದ ಕಂದು ಗುಂಗುರಿನಲ್ಲಿ ಕುಳಿತು, ಬಿಸಿಲೇರಿದಂತೆ ಮೇಲೇಳುತ್ತದೆ. ಆಗ ಯಜಮಾನ ಪೈಪು ಹಿಡಿದು ಹೊರಬರುತ್ತಾನೆ. ತೊಳೆಯುತ್ತಾನೆ, ಕಿಣ್ವದ ದ್ರಾವಣ ಸಿಂಪಡಿಸುತ್ತಾನೆ, ಎಳೆಗಂಟಿದ್ದನ್ನು ಬಗ್ಗಿ ಉಜ್ಜುತ್ತಾನೆ, ಮಲಗಿದ ಎಳೆಗಳನ್ನು ಬ್ರಷ್ಷಿನಿಂದ ಎಬ್ಬಿಸುತ್ತಾನೆ. ಜೀವಂತ ಹುಲ್ಲು ನೀರನ್ನು ಆವಿ ಮಾಡಿ ತಾನೇ ತಂಪಾಗುತ್ತಿತ್ತು, ಈಗ ಬೆವರುವವನೂ ಇವನೇ. ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಅಳತೆಯಲ್ಲಿ ಸುಮಾರು 79 ಡಿಗ್ರಿ ಸೆಲ್ಸಿಯಸ್ ಕಾದಿದ್ದ ಕೃತಕ ಮೈದಾನ ನೀರು ಬಿಟ್ಟೊಡನೆ 29ಕ್ಕೆ ಇಳಿದು, 5 ನಿಮಿಷದಲ್ಲಿ 49ಕ್ಕೂ 20 ನಿಮಿಷದಲ್ಲಿ 73ಕ್ಕೂ ಏರಿತು. 2023ರ ಬೇಸಿಗೆಯಲ್ಲಿ ಫೀನಿಕ್ಸ್ ನಗರ ಸತತ 31 ದಿನ 43 ಡಿಗ್ರಿ ದಾಟಿತ್ತು. ನಾಯಿಯ ಪಾದ ಸುಡದಿರಬೇಕಾದರೆ ಪೈಪು ಎಷ್ಟು ಹೊತ್ತು ಹಿಡಿದಿರಬೇಕೆಂದು ಓದುಗರೇ ಗುಣಿಸಿಕೊಳ್ಳಲಿ.

ಇನ್ನು ಪೂರ್ವಪಕ್ಷ. ಜಿಯೊಲೈಟ್ ಎಂಬ ಖನಿಜದ ಹರಳು ತುಂಬಿದರೆ ವಾಸನೆಯಿಲ್ಲ ಎನ್ನುತ್ತಾರೆ ವ್ಯಾಪಾರಿಗಳು. ನಿಜವೇ, ಅದು ತನ್ನಲ್ಲಿರುವ ಸೋಡಿಯಂ ಬಿಟ್ಟುಕೊಟ್ಟು ಅಮೋನಿಯಂ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಅದಕ್ಕೂ ಹೊಟ್ಟೆ ತುಂಬುತ್ತದೆ, ಆಗ ಉಪ್ಪುನೀರು ಕುಡಿಸಿ ಬರಿದು ಮಾಡಬೇಕು. ಕುಡಿಸುವವರು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಕೆಸರುಗಾಲು ಸೋಫಾ ಹತ್ತುವುದು ತಪ್ಪಿತಲ್ಲ ಎಂದರೆ, ಒಪ್ಪಿದೆ. ಸೋಫಾ ಕೂಡ ಯಜಮಾನನದೇ. ನೀರು ಉಳಿಯುತ್ತದೆ ಎಂಬ ಆಕ್ಷೇಪಕ್ಕೆ ಮಾತ್ರ ತೂಕವಿದೆ, ಅಣಕವಾಡಿ ಜಾರಿಕೊಳ್ಳುವಂತಿಲ್ಲ. ಕೊಲೊರಾಡೊ ನದಿ ಸೊರಗಿದೆ. ಲಾಸ್ ವೇಗಸ್ ಸುತ್ತ ಬರೀ ಶೋಕಿಯ ಹುಲ್ಲಿಗೆ 2027ರಿಂದ ಆ ನೀರು ಕೂಡದೆಂದು ನೆವಾಡಾ 2021ರಲ್ಲೇ ಕಾನೂನು ಮಾಡಿತು, ಒಂಟಿಮನೆಗಳ ಅಂಗಳಗಳನ್ನು ಬಿಟ್ಟು. ಆದರೆ ನೀರು ಉಳಿಸುವುದೇ ಗುರಿಯಾದರೆ ಮರಳು, ಜಲ್ಲಿ, ಒಂದು ಮೆಸ್ಕೀಟ್ ಮರದ ನೆರಳು ಸಾಕು, ನಾಯಿ ಬೇಡವೆನ್ನದು. ಬೇಡವೆನ್ನುವವನು ಕಿಟಕಿಯಲ್ಲಿ ನಿಂತಿದ್ದಾನೆ. ಬರಗಾಲದಲ್ಲಿ ಕೃತಕ ಹುಲ್ಲಿಗೆ ರಕ್ಷಣೆ ಕೊಟ್ಟಿದ್ದ ಕ್ಯಾಲಿಫೋರ್ನಿಯಾ ಕೂಡ 2023ರಲ್ಲಿ ಅದನ್ನು ನಿಷೇಧಿಸುವ ಅಧಿಕಾರವನ್ನು ಊರುಗಳಿಗೇ ಮರಳಿಸಿದೆ.

ಉಳಿದದ್ದು ಫೀನಿಕ್ಸಿನಲ್ಲಿ ನೆಲೆಸಿದ ಕನ್ನಡಿಗರ ಧರ್ಮಸಂಕಟ. ಅಲ್ಲಿನ ಅಂಗಳಗಳಿಂದ ಕಿತ್ತೆಸೆಯುವ ಬರ್ಮುಡಾ ಹುಲ್ಲು ಸಸ್ಯಶಾಸ್ತ್ರದ ಪ್ರಕಾರ ನಮ್ಮ ಗರಿಕೆಯೇ. ಚೌತಿಗೆ ಗಣಪತಿಗೂ ಅದು ಬೇಕು, ಆಗಾಗ ಅಗಿಯಲು ನಾಯಿಗೂ ಬೇಕು. ಪಾಲಿಎಥಿಲೀನ್ ಎಳೆಯನ್ನು ಇಬ್ಬರೂ ಸ್ವೀಕರಿಸರು. ಆದಕಾರಣ ಹಿತ್ತಲ ಮೂಲೆಯಲ್ಲಿ ಕುಂಡವೊಂದಿಟ್ಟು ಯಜಮಾನನೇ ಗರಿಕೆ ಬೆಳೆಸಿ ಇಬ್ಬರಿಗೂ ಒದಗಿಸತಕ್ಕದ್ದು. ಕುಂಡವು ನಾಯಿಯ ಕಾಲೆತ್ತುವ ಎತ್ತರಕ್ಕಿಂತ ಮೇಲಿರತಕ್ಕದ್ದು. ದೇವರ ಪಾಲನ್ನು ಮೊದಲೇ ಎತ್ತಿಡತಕ್ಕದ್ದು.