ಮೂರಂತಸ್ತಿನ ಮಡಿ

ಕಾರು ತೊಳೆಯುವುದು ಒಂದು ಕೆಲಸವಾದರೆ, ಕಾರು ತೊಳೆಯುವ ಸಾಮಾನಿಗೆ ಜಾಗ ಹುಡುಕುವುದು ಇನ್ನೊಂದು ಸಂಸಾರ. ಸ್ವಂತ ಮನೆ, ಮುಂದೊಂದು ಪೋರ್ಟಿಕೊ, ಪಕ್ಕದಲ್ಲಿ ಶೆಡ್ಡು ಇರುವ ಪುಣ್ಯವಂತರ ಮಾತು ಬೇರೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನಾವು ಮೇಲಿನ ಮಹಡಿಯಲ್ಲಿ, ಕಾರು ನೆಲದಡಿಯ ಬೇಸ್‌ಮೆಂಟಿನ ಎರಡು ಕಂಬಗಳ ನಡುವೆ, ಸಾಮಾನು ಎಲ್ಲೆಂದರಲ್ಲಿ. ಶಾಂಪೂ ಕ್ಯಾನು ಬಚ್ಚಲುಮನೆಯಲ್ಲಿ, ಟೈರಿಗೆ ಹಚ್ಚುವ ಪಾಲಿಶ್ ಚಪ್ಪಲಿ ಗೂಡಿನಲ್ಲಿ, ಬ್ರಷ್ಷುಗಳು ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ. ಮೈಕ್ರೋಫೈಬರ್ ಬಟ್ಟೆಗಳಂತೂ ಅಡುಗೆಮನೆಗೆ ಹೋದರೆ ಹೋದವೇ. ಅಲ್ಲಿ ಅವು ಹಾಲು ಉಕ್ಕಿದ ಸ್ಟವ್ ಒರೆಸಿ, ಬಿಸಿ ಬಾಣಲೆಯ ಕಿವಿ ಹಿಡಿದು, ಒಗ್ಗರಣೆಯ ವಾಸನೆ ಹೊತ್ತು ಕೂತಿರುತ್ತಿದ್ದವು.

“ಒಂದು ಬಟ್ಟೆಗೆ ಇಷ್ಟೊಂದು ಜಂಭವೇನ್ರೀ?” ಎನ್ನುವುದು ನನ್ನ ಹೆಂಡತಿಯ ಪ್ರಶ್ನೆ.

ಜಂಭ ಇದೆ. ಪಾಲಿಯೆಸ್ಟರ್ 80 ಭಾಗ, ಪಾಲಿಅಮೈಡ್ 20 ಭಾಗ ಸೇರಿಸಿ, ಕೂದಲಿಗಿಂತ ಎಷ್ಟೋ ಸಣ್ಣ ಎಳೆಯನ್ನು ಮತ್ತೆ ಸೀಳಿ ನೇಯ್ದ ಬಟ್ಟೆ ಅದು. ಆ ಸೀಳುಗಳ ಕೆಲಸವೇ ಧೂಳನ್ನು ಒಳಕ್ಕೆ ಎಳೆದುಕೊಳ್ಳುವುದು. ಒಮ್ಮೆ ಎಣ್ಣೆ ಜಿಡ್ಡು ಕುಡಿದರೆ ಸೀಳು ಮುಚ್ಚಿ ಅದು ಬರೀ ಚಿಂದಿ. ಒಗೆಯುವಾಗ ಘಮಘಮ ಎನ್ನುವ ಕಂಫರ್ಟ್ ಹಾಕಿದರೂ ಇದೇ ಗತಿ. ಇಷ್ಟನ್ನೂ ನಾನು ಹೇಳಿ ಮುಗಿಸುವುದರೊಳಗೆ ಅವಳು ಅದೇ ಬಟ್ಟೆಯಲ್ಲಿ ಮಿಕ್ಸಿ ಒರೆಸಿ ಮುಗಿಸಿದ್ದಳು.

ಹಾಗಾಗಿ ಚಕ್ರದ ಟ್ರಾಲಿ ಬಂತು. ತಗಡಿನದು, ಮೂರು ಅಂತಸ್ತು, ಜಾಲರಿ ತಳ, ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಕ್ಯಾಸ್ಟರ್ ಚಕ್ರ, ಅವುಗಳಲ್ಲಿ ಎರಡಕ್ಕೆ ಬ್ರೇಕು. ಮಾಡಿದವರ ಉದ್ದೇಶ ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ. ಅಂಗಡಿಯಲ್ಲಿ ಅದನ್ನು ನೋಡಿದ ಕೂಡಲೇ ನನ್ನ ಹೆಂಡತಿ ಅದರಲ್ಲಿ ಈರುಳ್ಳಿ ಕಂಡಳು, ನಾನು ಶಾಂಪೂ ಕಂಡೆ. ಬಿಲ್ಲು ನಾನು ಕೊಟ್ಟಿದ್ದರಿಂದ ಅದು ಲಿಫ್ಟಿನಲ್ಲಿ ಮೇಲಕ್ಕೆ ಹತ್ತಲಿಲ್ಲ.

ಟ್ರಾಲಿಯ ಗುಣ ಗೊತ್ತಾಗಬೇಕಾದರೆ ಅದನ್ನು ಬೇಸ್‌ಮೆಂಟಿನಲ್ಲಿ ತಳ್ಳಿ ನೋಡಬೇಕು. ನೆಲ ಸಪಾಟಾಗಿದೆ ಎಂದು ನಾವು ಅಂದುಕೊಂಡಿರುತ್ತೇವೆ. ಆದರೆ ನೀರು ಹರಿದುಹೋಗಲಿ ಎಂದು ಮೇಸ್ತ್ರಿ ಅದಕ್ಕೊಂದು ಇಳಿಜಾರು ಕೊಟ್ಟಿರುತ್ತಾನೆ, ಮತ್ತು ಕಣ್ಣಿಗೆ ಕಾಣದ ಆ ಇಳಿಜಾರು ಚಕ್ರಕ್ಕೆ ಮಾತ್ರ ಕಾಣುತ್ತದೆ. ಬ್ರೇಕು ಹಾಕದೆ ಬಾನೆಟ್ ಕಡೆ ತಿರುಗಿದರೆ ಸಾಕು, ಟ್ರಾಲಿ ಸದ್ದಿಲ್ಲದೆ ಹೊರಟು ಪಕ್ಕದ ಮನೆಯವರ ಕಾರಿನ ಬಾಗಿಲ ಬಳಿ ನಿಂತಿರುತ್ತದೆ. ಒಳಗೆ ಭಾರ ಎಲ್ಲಿದೆ ಎಂಬುದೂ ಮುಖ್ಯ. ಐದು ಲೀಟರಿನ ಕ್ಯಾನು ಮೇಲಿನ ಅಂತಸ್ತಿನಲ್ಲಿದ್ದರೆ ನೆಲದ ಒಂದು ಸಣ್ಣ ಬಿರುಕು ಸಾಕು, ಇಡೀ ಗಾಡಿ ಮುಂದಕ್ಕೆ ಮುಗ್ಗರಿಸುತ್ತದೆ. ಆದ್ದರಿಂದ ಕ್ಯಾನುಗಳು ಕೆಳಗೆ, ಸ್ಪ್ರೇ ಬಾಟಲಿಗಳು ನಡುವೆ, ಬಟ್ಟೆಗಳು ಮೇಲೆ. ಸ್ಪ್ರೇ ಬಾಟಲಿಯನ್ನು ನಿಲ್ಲಿಸಬೇಕಾಗಿಯೂ ಇಲ್ಲ. ಅದರ ಕುದುರೆಯನ್ನು ಟ್ರಾಲಿಯ ಅಂಚಿಗೆ ಸಿಕ್ಕಿಸಿದರೆ ಬಾಟಲಿಗಳು ಹೊರಗಡೆ ಸಾಲಾಗಿ ಜೋತುಬಿದ್ದಿರುತ್ತವೆ. ಜಾಲರಿ ತಳದ ಇನ್ನೊಂದು ನ್ಯಾಯವೆಂದರೆ ಮೇಲೆ ಸೋರಿದ್ದು ಕೆಳಗಿನವನ ತಲೆಯ ಮೇಲೆ. ಸೋರುವಂಥದ್ದು ಕೆಳಗೇ ಇರಬೇಕು.

ಇದೆಲ್ಲ ನನ್ನ ತಲೆಯಲ್ಲಿ ಭೌತಶಾಸ್ತ್ರವಾಗಿಯೇ ಇತ್ತು, ಅಮ್ಮ ಊರಿಂದ ಬರುವ ತನಕ.

ಒಂದು ಭಾನುವಾರ ಬೆಳಿಗ್ಗೆ, “ಅಷ್ಟು ಹೊತ್ತು ಆ ಗುಹೆಯಲ್ಲಿ ಏನು ಮಾಡ್ತೀಯೋ ನೋಡ್ತೀನಿ” ಎಂದು ಕಾಫಿ ಲೋಟ ಹಿಡಿದು ಇಳಿದು ಬಂದಳು. ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಳು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು.

“ಈ ಬಟ್ಟೆ ಮಾತ್ರ ಯಾಕೋ ಮುಚ್ಚಳದ ಡಬ್ಬೀಲಿ?”

“ಅದು ಬಾಡಿ ಒರೆಸೋದಮ್ಮ. ಚಕ್ರ ಒರೆಸೋ ಬಟ್ಟೆ ಜೊತೆ ಸೇರಬಾರದು. ಬ್ರೇಕಿನ ಪುಡಿ ಅಂಟಿಕೊಂಡ್ರೆ ಬಣ್ಣದ ಮೇಲೆ ಗೀರು ಬೀಳತ್ತೆ.”

“ಒಗೆದ್ರೂ?”

“ಒಗೆದ್ರೂ.”

“ಕೈ ಜಾರಿ ನೆಲಕ್ಕೆ ಬಿದ್ರೆ?”

“ಮತ್ತೆ ಮೇಲಕ್ಕೆ ಹೋಗಲ್ಲ. ಕೆಳಗಿನ ಅಂತಸ್ತಿಗೆ.”

ಅಮ್ಮ ಲೋಟ ಕೆಳಗಿಟ್ಟಳು. “ಹಾಗಾದ್ರೆ ಮಡಿ ಅಂತಾಯ್ತು. ನಿಮ್ಮಜ್ಜಿ ಇದ್ದಿದ್ರೆ ನಿನ್ನನ್ನ ಹೊತ್ಕೊಂಡು ಕುಣೀತಿದ್ರು.”

ಅಜ್ಜಿಯ ಮನೆಯಲ್ಲಿ ಮಡಿಬಟ್ಟೆ ಒಣಗುತ್ತಿದ್ದದ್ದು ಸೂರಿನ ಹತ್ತಿರ ಕಟ್ಟಿದ ಗಳದ ಮೇಲೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ. ಅದನ್ನು ಹಾಕುವುದಕ್ಕೂ ತೆಗೆಯುವುದಕ್ಕೂ ಒಂದು ಕೋಲು. ನಾವು ಆಡುತ್ತ ಹೋಗಿ ಅದರ ತುದಿ ಮುಟ್ಟಿದರೆ ಅಜ್ಜಿ ಮತ್ತೆ ಬಾವಿಕಟ್ಟೆಗೆ. ಮುಸುರೆ ಕೈಯನ್ನು ಮೊಸರಿನ ಪಾತ್ರೆಗೆ ತಾಗಿಸುವಂತಿಲ್ಲ, ಎಂಜಲು ಚಮಚ ಹುಳಿಯ ಪಾತ್ರೆಗೆ ಇಳಿಯುವಂತಿಲ್ಲ. ಆ ಮಡಿ ಮನುಷ್ಯರನ್ನೂ ಅಂಗಳದಾಚೆ ನಿಲ್ಲಿಸಿತ್ತು. ಅದು ತೊಲಗಿದ್ದಕ್ಕೆ ನನಗಂತೂ ಎಳ್ಳಷ್ಟೂ ದುಃಖವಿಲ್ಲ. ಆದರೆ ಕಾರಿನ ಬಣ್ಣದ ಮಟ್ಟಿಗೆ ಅಜ್ಜಿಯ ಶಾಸ್ತ್ರದಲ್ಲಿ ಒಂದಕ್ಷರ ಬದಲಾಯಿಸುವ ಹಾಗಿಲ್ಲ. ಬಣ್ಣದ ಮೇಲೆ ಹೊಳಪಿಗೆಂದು ಹಾಕಿರುವ ಕ್ಲಿಯರ್ ಕೋಟ್ ಇದೆಯಲ್ಲ, ಅದರ ದಪ್ಪ ಸುಮಾರು 40-50 ಮೈಕ್ರಾನ್. ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಲಕ್ಷಗಟ್ಟಲೆ ಕೊಟ್ಟು ತಂದ ಕಾರಿನ ಮಾನ ಉಳಿದಿರುವುದು ಆ ಪೊರೆಯಲ್ಲಿ. ಒಂದು ಮರಳಿನ ಕಣ ಬಟ್ಟೆಯಲ್ಲಿ ಕೂತು ಒಂದು ಸುತ್ತು ತಿರುಗಿತೆಂದರೆ, ಬಿಸಿಲಿಗೆ ನಿಲ್ಲಿಸಿದಾಗ ಜೇಡರಬಲೆಯ ಹಾಗೆ ಗೀರುಗಳು ಹೊಳೆಯುತ್ತವೆ.

ಅಮ್ಮನಿಗೆ ಇಷ್ಟು ತಿಳಿದದ್ದೇ ತಡ, ಮಿಕ್ಕದ್ದನ್ನು ಅವಳೇ ಊಹಿಸತೊಡಗಿದಳು. ಎರಡು ಬಕೆಟ್ ಯಾಕೆಂದು ನಾನು ಹೇಳಬೇಕಾಗಲಿಲ್ಲ. “ಒಂದು ಸೋಪಿನ ನೀರು, ಇನ್ನೊಂದು ಎಂಜಲು ತೊಳೆಯೋಕೆ. ಒರೆಸಿದ ಕೈಗವಸು ಮೊದಲು ಇದರಲ್ಲಿ ಅದ್ದಿ, ಆಮೇಲೆ ಅದರಲ್ಲಿ. ಇದರಲ್ಲೇನಿದೆ ಹೇಳಿಕೊಡೋಕೆ?” ಕ್ಲೇ ಬಾರ್ ಎನ್ನುವ ಜೇಡಿಯಂಥ ಮುದ್ದೆ ಅವಳಿಗೆ ಬಹಳ ಹಿಡಿಸಿತು. ಬಣ್ಣಕ್ಕೆ ಅಂಟಿ ತೊಳೆದರೂ ಹೋಗದ ಕಸವನ್ನು ಉಜ್ಜಿ ಎತ್ತುವ ವಸ್ತು ಅದು. ಮುಖ ಕೊಳೆಯಾದರೆ ಮಡಚಿ ನಾದಿ ಹೊಸ ಮುಖ ಮಾಡಿಕೊಳ್ಳಬಹುದು, ಆದರೆ ನೆಲಕ್ಕೆ ಬಿತ್ತೋ, ಬಿಸಾಡಬೇಕು. ತೊಳೆದರೆ ಆಗದು, ಪ್ರಾಯಶ್ಚಿತ್ತ ಇಲ್ಲ. “ಇದು ಸರಿಯಾದ ಮಡಿ” ಎಂದಳು ಅಮ್ಮ, ಇಷ್ಟು ದಿನ ಎಲ್ಲಿತ್ತು ಇದು ಎನ್ನುವ ಗೌರವದಿಂದ.

ಟ್ರಾಲಿಯಲ್ಲಿ ಅಷ್ಟೊಂದು ಬಟ್ಟೆ ಯಾಕೆ ಎನ್ನುವುದಕ್ಕೂ ಒಂದು ಕಥೆಯಿದೆ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಕೈಕೊಟ್ಟಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಹೊರಡಿಸಿದ ಆದೇಶ ನಿಮಗೆ ನೆನಪಿರಬಹುದು. ಆಗ ಪೈಪು ಸುತ್ತಿಟ್ಟ ಅನೇಕರ ಹಾಗೆ ನಾನೂ ‘ರಿನ್ಸ್‌ಲೆಸ್’ ಎನ್ನುವ ಪಂಥಕ್ಕೆ ಸೇರಿದವನು. ಅರ್ಧ ಬಕೆಟ್ ನೀರು, ಅದಕ್ಕೆ ಒಂದಿಷ್ಟು ದ್ರಾವಣ, ಜೊತೆಗೆ ಒಂದು ರಾಶಿ ಬಟ್ಟೆ. ಒಂದೊಂದು ಬಟ್ಟೆಯನ್ನೂ ಎರಡು ಸಲ ಮಡಚಿದರೆ ಎಂಟು ಮುಖ. ಒಂದು ಮುಖದಲ್ಲಿ ಒಂದೇ ಎಳೆತ, ಒಮ್ಮೆ ಮುಟ್ಟಿದ ಮುಖ ಮತ್ತೆ ಬಣ್ಣಕ್ಕೆ ಸೋಕುವಂತಿಲ್ಲ. ಛಾವಣಿಯಿಂದ ಶುರು, ಚಕ್ರ ಕೊನೆಗೆ. ಇಷ್ಟು ಬಟ್ಟೆ ಬೇಕಾದ್ದರಿಂದಲೇ ಟ್ರಾಲಿಯ ಮೇಲಂತಸ್ತು ತುಂಬಿ ತುಳುಕುತ್ತದೆ ಎಂದು ಹೆಂಡತಿಗೆ ಹೇಳಿದರೆ ಅವಳು ನಂಬಿರಲಿಲ್ಲ. ಅಮ್ಮ ಹೇಳಿದಾಗ, “ಹೌದಾ ಅತ್ತೆ?” ಎಂದು ನಂಬಿದಳು.

ಆದರೆ ಶಾಸ್ತ್ರ ಒಬ್ಬರ ಕೈಗೆ ಹೋದ ಮೇಲೆ ಅದು ನಮ್ಮ ಮಾತು ಕೇಳುವುದಿಲ್ಲ. ಅಮ್ಮ ಟ್ರಾಲಿಯ ಸಾಮಾನು ಒಂದೊಂದಾಗಿ ಎತ್ತಿ ಅದರ ಕುಲಗೋತ್ರ ವಿಚಾರಿಸತೊಡಗಿದಳು.

“ಈ ಮೇಣ ಯಾವುದರದ್ದು? ಚರ್ಬಿಯೇನೋ?”

ಕಾರ್ನೌಬಾ ಮೇಣ ಎಂದೆ. ಬ್ರೆಜಿಲ್ ದೇಶದ ಈಶಾನ್ಯ ಭಾಗದ ಒಣ ಸೀಮೆಯಲ್ಲಿ ಒಂದು ಜಾತಿಯ ತಾಳೆಮರ ಇದೆ. ಬಿಸಿಲಿಗೆ ಎಲೆ ಒಣಗದಿರಲೆಂದು ಮರವೇ ಎಲೆಗೆ ಮೇಣ ಹಚ್ಚಿಕೊಂಡಿರುತ್ತದೆ. ಎಲೆ ಕೊಯ್ದು, ಒಣಗಿಸಿ, ಬಡಿದು ಪುಡಿ ಉದುರಿಸುತ್ತಾರೆ. ಕರಗಬೇಕಾದರೆ 80 ಡಿಗ್ರಿ ದಾಟಬೇಕು, ಅದಕ್ಕೇ ನಮ್ಮ ಏಪ್ರಿಲ್ ಬಿಸಿಲಿಗೂ ಬಾನೆಟ್ಟಿನ ಮೇಲೆ ನಿಲ್ಲುತ್ತದೆ. ಮಕ್ಕಳು ತಿನ್ನುವ ಕೆಲವು ಮಿಠಾಯಿಗಳ ಮೇಲಿನ ಹೊಳಪೂ ಇದರದ್ದೇ. “ಎಲೆಯದಾ? ಹಾಗಾದ್ರೆ ಮೇಲಿಡು” ಎಂದು ಬಡ್ತಿ ಸಿಕ್ಕಿತು.

ಕಬ್ಬಿಣದ ಪುಡಿ ತೆಗೆಯುವ ದ್ರಾವಣಕ್ಕೆ ಬಡ್ತಿ ಸಿಗಲಿಲ್ಲ. ಚಕ್ರಕ್ಕೆ ಹೊಡೆದ ಸ್ವಲ್ಪ ಹೊತ್ತಿಗೆ ಅದು ನೇರಳೆ ಬಣ್ಣಕ್ಕೆ ತಿರುಗಿ ಧಾರೆಧಾರೆಯಾಗಿ ಇಳಿಯುತ್ತದೆ. ಬ್ರೇಕಿನಿಂದ ಉದುರಿದ ಕಬ್ಬಿಣದ ಜೊತೆ ಕೂಡಿಕೊಂಡ ಗುರುತು. ನೋಡಲು ಚಂದ, ಆದರೆ ವಾಸನೆ ಕೊಳೆತ ಮೊಟ್ಟೆಯದು. ಅಮ್ಮ ಸೆರಗು ಮೂಗಿಗೆ ಹಿಡಿದು ಕೆಳಗಿನ ಅಂತಸ್ತಿನ ಹಿಂದಿನ ಮೂಲೆ ತೋರಿಸಿದಳು. ನೀರು ಹೀರುವ ಶಾಮಿ ಬಟ್ಟೆ ನಿಜವಾಗಿ ಕುರಿಯ ಚರ್ಮ ಎಂದು ತಿಳಿದಾಗ ಅದೂ ಅಲ್ಲಿಗೇ. ಕೊನೆಗೆ, ಚಕ್ರದ ಸಂದಿ ಉಜ್ಜುವ ಮರದ ಹಿಡಿಯ ಚಂದದ ಬ್ರಷ್ ಎತ್ತಿ, “ಎಷ್ಟು ನಯವಾಗಿದೆ, ಯಾವ ನಾರೋ ಇದು?” ಎಂದು ಕೆನ್ನೆಗೆ ಸವರಿಕೊಂಡು ನೋಡಿದಳು.

ಹಂದಿಯ ಕೂದಲು ಎಂದು ನಾನು ಹೇಳಬಾರದಿತ್ತೇನೋ. ಆ ದಿನ ಅಮ್ಮ ಎರಡನೇ ಸಲ ಸ್ನಾನ ಮಾಡಿದಳು. ಬ್ರಷ್ ಈಗ ಟ್ರಾಲಿಯಲ್ಲಿಲ್ಲ, ಡಿಕ್ಕಿಯಲ್ಲಿದೆ.

ನಮ್ಮ ಅಪಾರ್ಟ್‌ಮೆಂಟಿನ ಕಾರುಗಳನ್ನೆಲ್ಲ ದಿನಾ ಒರೆಸುವವನು ಮಂಜ. ಒಂದು ಬಕೆಟ್, ಒಂದು ಬಟ್ಟೆ, ಒಂದು ಇಡೀ ಸಾಲು ಕಾರು. ಮೊದಲನೇ ಕಾರಿನ ಕೆಸರು ಕೊನೆಯ ಕಾರಿಗೂ ಸಮಪಾಲು. ಅವನ ತಪ್ಪೇನಿಲ್ಲ, ತಿಂಗಳಿಗೆ ನಾವೆಲ್ಲ ಕೊಡುವ ದುಡ್ಡಿನಲ್ಲಿ ಎರಡನೇ ಬಕೆಟ್ ಬರುವುದು ಕಷ್ಟ. ಅಮ್ಮ ಅವನನ್ನು ಕರೆದು ಕೂರಿಸಿ, ಟ್ರಾಲಿಯ ಮೇಲಿಂದ ಕೆಳಗಿನವರೆಗೆ ಪಾಠ ಮಾಡಿದಳು. ನೀಲಿ ಬಟ್ಟೆ ಗಾಜಿಗೆ, ಹಳದಿ ಬಾಡಿಗೆ, ಕಪ್ಪು ಚಕ್ರಕ್ಕೆ. ಹಕ್ಕಿ ಹಿಕ್ಕೆ ಹಾಕಿದ್ದರೆ ಒಣಬಟ್ಟೆಯಲ್ಲಿ ಉಜ್ಜಬಾರದು, ಒದ್ದೆ ಬಟ್ಟೆ ಹೊದಿಸಿ ನೆನೆಯಬಿಟ್ಟು ಎತ್ತಬೇಕು, ಬಿಸಿಲಿಗೆ ಬಿಟ್ಟರಂತೂ ಬಣ್ಣವನ್ನೇ ತಿನ್ನುತ್ತದೆ. ಮಂಜ ಎಲ್ಲಕ್ಕೂ “ಹೂಂ ಅಮ್ಮಾ” ಎಂದ. ಎರಡನೇ ಬಕೆಟ್ ನನ್ನ ಲೆಕ್ಕಕ್ಕೆ ಬಂತು.

ಅಮ್ಮ ಊರಿಗೆ ಹೋದ ಮೇಲೆ ಒಂದು ಬೆಳಿಗ್ಗೆ ಆಫೀಸಿನ ಆತುರದಲ್ಲಿ ಕನ್ನಡಕ ಒರೆಸಲೆಂದು ಮೇಲಂತಸ್ತಿನ ಡಬ್ಬಿಗೆ ಕೈ ಹಾಕಿದೆ. ಹಿಂದಿನಿಂದ ದನಿ ಬಂತು.

“ಸಾರ್, ಕೈ ತೊಳ್ಕೊಂಡ್ರಾ?”

ಮಂಜ. ಅವನ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ನನ್ನ ಟ್ರಾಲಿಯ ಮುಂದೆ ನಾನೇ ಮೈಲಿಗೆಯವನಾಗಿ, ಕೈ ಹಿಂದಕ್ಕೆ ತೆಗೆದುಕೊಂಡು, ಷರಟಿನ ತುದಿಯಲ್ಲಿ ಕನ್ನಡಕ ಒರೆಸಿಕೊಂಡೆ.

ಆಯುಧಪೂಜೆಗೆ ಅಮ್ಮ ಮತ್ತೆ ಬಂದಳು. ಕಾರಿಗೆ ಬಾಳೆಕಂದು, ಸೇವಂತಿಗೆ ಹಾರ, ಬೂದುಗುಂಬಳ ಎಲ್ಲ ಆಯಿತು. ಕುಂಕುಮ ಮಾತ್ರ ಗಾಜಿಗೆ. “ಬಣ್ಣಕ್ಕೆ ಹಚ್ಚಿದ್ರೆ ಕಲೆ ಕೂರತ್ತೆ, ಈಗಿನ ಕುಂಕುಮದಲ್ಲಿ ಏನೇನು ಬೆರೆಸಿರ್ತಾರೋ” ಎಂದು ಅವಳೇ ವಿನಾಯಿತಿ ಕೊಟ್ಟಳು. ಆಮೇಲೆ ಟ್ರಾಲಿಯ ಕಡೆ ತಿರುಗಿದಳು. ಆಯುಧ ಅಂದಮೇಲೆ ಅದೂ ಆಯುಧವೇ, ಚಕ್ರ ಬೇರೆ ಇದೆ. ಮಂಜ ಅದಕ್ಕಾಗಲೇ ವಿಭೂತಿ ಎಳೆದಿದ್ದ. ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟು, “ತಳ್ಳೋ” ಎಂದಳು ಅಮ್ಮ.

ತಳ್ಳಿದೆ. ಚಕ್ರದ ಎತ್ತರ ಎರಡಿಂಚು, ನಿಂಬೆಹಣ್ಣಿನದು ಒಂದೂವರೆ ಇಂಚಿನ ಮೇಲೆ. ತನ್ನ ಅರ್ಧಕ್ಕಿಂತ ಎತ್ತರದ ಅಡ್ಡಿಯನ್ನು ಚಕ್ರ ಎಷ್ಟು ತಳ್ಳಿದರೂ ಹತ್ತುವುದಿಲ್ಲ. ನಿಂಬೆಹಣ್ಣುಗಳು ಮುಂದೆ ಮುಂದೆ ಉರುಳಿದವು, ಟ್ರಾಲಿ ಅವುಗಳ ಹಿಂದೆ ಹಿಂದೆ ಹೋಯಿತು. ಹಣ್ಣು ಅಪ್ಪಚ್ಚಿಯಾಗದೆ ಪೂಜೆ ಮುಗಿಯದು, ಪೂಜೆ ಮುಗಿಯದೆ ಊಟ ಇಲ್ಲ. ಹೋಳು ಮಾಡಿ ಇಡೋಣವೇ ಎಂದರೆ ಹೆಚ್ಚಿದ ಹಣ್ಣು ಬರುವುದಿಲ್ಲ ಎಂದಳು ಅಮ್ಮ.

“ದ್ರಾಕ್ಷಿ ಇಟ್ರೆ ಆಗತ್ತೆ ಅಮ್ಮಾ” ಎಂದ ಮಂಜ.

ಅಮ್ಮ ಅವನನ್ನು ಗದರುತ್ತಾಳೆಂದು ನಾನು ಕಾದೆ. ಅವಳು ಯೋಚಿಸುತ್ತಿದ್ದಳು. “ಹುಳಿ ಇರೋದು ತಾನೆ ಮುಖ್ಯ” ಎಂದು ತನಗೆ ತಾನೇ ಹೇಳಿಕೊಂಡು, ಮೇಲಿನ ಮನೆಗೆ ಫೋನ್ ಮಾಡಲು ನನ್ನತ್ತ ಕೈ ಮಾಡಿದಳು. ಸ್ಪೀಕರಿನಲ್ಲಿ ನನ್ನ ಹೆಂಡತಿಯ ದನಿ ಇಡೀ ಬೇಸ್‌ಮೆಂಟಿಗೆ ಕೇಳಿಸಿತು: “ದ್ರಾಕ್ಷಿ ಇದೆ ಅತ್ತೆ, ಆದ್ರೆ ಬೀಜ ಇಲ್ಲದ್ದು. ನಡಿಯತ್ತಾ?”